ಭಾವನ ಬಂದೂಕು

ಲೂಯಿಸ್‌ಟೌನ್, ಮೊಂಟಾನಾ
ನವೆಂಬರ್ 18

ಪ್ರೀತಿಯ ಮಾರಿಟ್ ಅಕ್ಕನಿಗೆ,

ಭಾವನ ಕಾರ್ಖಾನೆಯ ಹೊಸ ಬೇಟೆ ಬಂದೂಕಿನ ಬಗ್ಗೆ ನಾನು ಪತ್ರಿಕೆಯಲ್ಲಿ ಬರೆದ ವಿಮರ್ಶೆ ಓದಿ ನೀನು ಮಾತು ಬಿಟ್ಟಿದ್ದೀಯ. ಇನ್ನೂರು ಗುಂಡು ಹಾರಿಸಿದ್ದೆ, ಚಳಿಗೆ ಒಂಬತ್ತು ಸಲ ತೋಟಾ ಸಿಕ್ಕಿಕೊಂಡಿತು, ಅಷ್ಟನ್ನೇ ಬರೆದೆ. ಅವರು ನನ್ನ ಭಾವ ಎಂಬುದನ್ನೂ ಮೊದಲ ಸಾಲಿನಲ್ಲೇ ಹೇಳಿದ್ದೆ.

ಶನಿವಾರ ಭಾವ ಇಲ್ಲಿಗೆ ಬಂದಿದ್ದರು. ನಿನಗೆ ಹೇಳಿರಲಾರರು. "ನಿಂಗೆ ಬಂದೂಕು ಹಿಡಿಯೋಕೇ ಬರಲ್ಲ ಕಣೋ, ಕೊಡಿಲ್ಲಿ," ಎಂದು ಹಿಮದಲ್ಲಿ ನಿಂತು ತಾವೇ ಹಾರಿಸಿದರು. ಐದನೆಯ ಗುಂಡಿಗೇ ಸಿಕ್ಕಿಕೊಂಡಿತು. ಬಂದೂಕನ್ನು ತಿರುಗಿಸಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಅಡುಗೆಮನೆಯ ಮೇಜಿನ ಮೇಲೇ ಅದರ ಸ್ಪ್ರಿಂಗ್ ಬದಲಿಸಿ, ಹೊರಗೆ ಹೋಗಿ ಮತ್ತೆ ಹಾರಿಸಿದರೆ ಅರವತ್ತು ಗುಂಡು ಸಲೀಸಾಗಿ ಹೋದವು.

"ಈಗಲಾದ್ರೂ ಚೆನ್ನಾಗಿದೆ ಅಂತ ಬರಿಯಪ್ಪ," ಎಂದರು.

"ನೀವು ಕೈಯಾರೆ ಸರಿಮಾಡಿದ್ದರ ಬಗ್ಗೆ ಬರಿಯಲ್ಲ ಭಾವ. ಅಂಗಡಿಗೆ ಬರಲಿ, ನಾನೇ ಕೊಂಡು ನೋಡಿ ಬರೀತೀನಿ," ಎಂದೆ.

"ಥೂ, ನಿನ್ನಂಥ ಭಾವಮೈದುನ ಶತ್ರುಗೂ ಬೇಡ!" ಎಂದು ಬೆನ್ನಿಗೊಂದು ಗುದ್ದಿ ಹೋದರು. ಹೊಸ ಸ್ಪ್ರಿಂಗ್ ಹಾಕದೆ ಒಂದು ಬಂದೂಕನ್ನೂ ಮಾರುವುದಿಲ್ಲವಂತೆ.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಬರುತ್ತೇನೆ, ಕುಂಬಳಕಾಯಿ ಪೈ ಒಂದು ದೊಡ್ಡ ತುಂಡು ಎತ್ತಿಡು. ಇನ್ನೂ ಸಿಟ್ಟಿದ್ದರೆ ನನ್ನ ತಟ್ಟೆಯನ್ನು ಜಗಲಿಯಲ್ಲೇ ಇಡು. ಹಿಮ ಬೀಳುತ್ತಿದ್ದರೂ ಅಲ್ಲೇ ಕೂತು ಉಣ್ಣುತ್ತೇನೆ.

ನಿನ್ನ ತಮ್ಮ,
ಕಾರ್ವಿನ್