ಒಂಬತ್ತು ಸಲ ಬಿದ್ದದ್ದು

ಮಾರ್ಚ್ ೧೪, ಶುಕ್ರವಾರ

ನಾನು ಶಾಲೆ ಬಿಟ್ಟದ್ದು ಗಣಿತಕ್ಕೆ ಹೆದರಿ ಅಲ್ಲ. ಸಿನಿಮಾಗಳಲ್ಲಿ ಹೀರೋನಿಂದ ಒದೆ ತಿಂದು ಬೀಳುವ ಮುದುಕ ನನ್ನ ಅಜ್ಜ ಎಂದು ಹುಡುಗರಿಗೆ ಗೊತ್ತಾಗಬಾರದಿತ್ತು. ಮೂರು ವರ್ಷವಾಯಿತು, ಯಾರಿಗೂ ಹೇಳಿಲ್ಲ.

ಇವತ್ತು ನಾನು ಕೆಲಸ ಮಾಡುವ ಗ್ಯಾರೇಜಿನ ಗೆಳೆಯರೊಂದಿಗೆ ಹೊಸ ಸಿನಿಮಾ ನೋಡಿದೆ. ತೆರೆಯ ಮೇಲೆ ಅಜ್ಜ ಮೆಟ್ಟಿಲುಗಳಿಂದ ಉರುಳಿ ನೀರಿನ ತೊಟ್ಟಿಗೆ ಬಿದ್ದರು. "ಮುದುಕನ ಹಲ್ಲುಸೆಟ್ಟೇ ಹಾರೋಯ್ತು ನೋಡ್ರೋ!" ಎಂದು ಪಕ್ಕದವನು ಕೂಗಿದ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ದೀಪ ಹತ್ತಿದಾಗ ನೋಡಿದರೆ ಅಜ್ಜ ಹಿಂದಿನ ಸಾಲಿನಲ್ಲೇ ಕೂತಿದ್ದರು. ಗುರುತಿಲ್ಲದವನಂತೆ ಅವರನ್ನು ದಾಟಿಕೊಂಡು ಬಂದೆ.

ಮನೆಯಲ್ಲಿ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, "ನಿನ್ನ ನಗು ಕೇಳಿಸ್ತಪ್ಪ. ಬಿದ್ದಿದ್ದು ಚೆನ್ನಾಗಿತ್ತಾ?" ಎಂದರು.

"ಹೂಂ."

"ಆ ಒಂದು ಶಾಟಿಗೆ ಒಂಬತ್ತು ಸಲ ಬೀಳಿಸಿದ್ರು. ನೀನೇ ನಕ್ಕೆ ಅಂದ್ಮೇಲೆ ನಾನು ಪಾಸು ಬಿಡು."

ಬೈದಿದ್ದರೆ ಎದುರು ಮಾತಾಡಬಹುದಿತ್ತು. ತಲೆ ತಗ್ಗಿಸಿಕೊಂಡು ಊಟ ಮುಗಿಸಿದೆ. ಈಗ ಪಕ್ಕದ ಕೋಣೆಯಲ್ಲಿ ಅಜ್ಜ ನಿದ್ದೆಯಲ್ಲೇ ಮಗ್ಗುಲು ಬದಲಿಸುವಾಗಲೆಲ್ಲ ನರಳುತ್ತಿದ್ದಾರೆ. ಎಬ್ಬಿಸಿ, ತಪ್ಪಾಯಿತು ಎನ್ನಬೇಕೆಂದು ಎರಡು ಸಲ ಬಾಗಿಲವರೆಗೆ ಹೋದೆ. ಆದರೆ ಯಾವುದಕ್ಕೆ ಎಂದು ಹೇಳಲಿ, ನಕ್ಕದ್ದಕ್ಕೋ, ಗುರುತಿಲ್ಲದಂತೆ ನಡೆದದ್ದಕ್ಕೋ, ಇಲ್ಲ ಈ ಮೂರು ವರ್ಷಕ್ಕೋ?

ಬೆಳಿಗ್ಗೆ ಆರು ಗಂಟೆಯ ಬಸ್ಸಿಗೆ ಅಜ್ಜ ಇನ್ನೊಂದು ಶೂಟಿಂಗಿಗೆ ಹೊರಡುತ್ತಾರೆ.