ಹದಿನೆಂಟರ ಬಾಗಿಲು

ವಿನ್ನಿಪೆಗ್, ಜನವರಿ, ಭಾನುವಾರ

ಮಾನ್ಯ ಪೆನ್ನರ್ ಅವರೇ,

ನಿಮ್ಮ ಗ್ಯಾರೇಜಿನ ಮೇಲಿನ ಮನೆಯಿಂದ ಬರೆಯುತ್ತಿದ್ದೇನೆ. ಉಕ್ರೇನಿಯನ್ ಸಭಾಂಗಣದ ರಂಗದ ಮೇಲೆ ಸಿಂಹಾಸನಗಳನ್ನು ನಡುಗಿಸಿದ ಗಂಟಲು ನನ್ನದು, ಕೂಗಿಯೇ ಹೇಳಬಹುದಿತ್ತು. ಆದರೆ ಆಸ್ಪತ್ರೆಯಿಂದ ಬಂದ ನನ್ನ ಹೆಂಡತಿ ಓಲ್ಹಾ ಈಗಷ್ಟೇ ಮಲಗಿದ್ದಾಳೆ.

ಕೆಳಗೆ ಗ್ಯಾರೇಜಿನ ಹಳೆಯ ಬಾಗಿಲಿನ ಸಂದಿಗಳಿಂದ ಚಳಿ ನುಗ್ಗಿ ನಮ್ಮ ನೆಲ ಮಂಜುಗಡ್ಡೆಯಾಗುತ್ತಿತ್ತು. ನೀವು ಧಾರಾಳಿ, ಆರ್-ವ್ಯಾಲ್ಯೂ ಹದಿನೆಂಟರ ಹೊಸ ಬಾಗಿಲನ್ನೇ ತಂದಿರಿ. "ನೋಡ್ರೀ ಓರೆಸ್ಟ್, ಅಂಗಡೀಲಿ ಇದಕ್ಕಿಂತ ದೊಡ್ಡ ನಂಬರೇ ಇಲ್ಲ! ಇನ್ಮೇಲೆ ನಿಮ್ಮಾಕೆ ಬರಿಗಾಲಲ್ಲೇ ಕುಣೀಬಹುದು!" ಎಂದಿರಿ. ನೆಲ ನಿಜಕ್ಕೂ ಬೆಚ್ಚಗಾಯಿತು.

ಆದರೆ ಸ್ವಾಮಿ, ಬಾಗಿಲ ಹಲಗೆ ಶಾಖವನ್ನು ಎಷ್ಟು ತಡೆಯುತ್ತದೆ ಎಂಬುದಷ್ಟನ್ನೇ ಆ ಅಂಕ ಹೇಳುತ್ತದೆ. ಹೊಗೆಯ ವಿಷಯಕ್ಕೆ ಅದು ತುಟಿ ಬಿಚ್ಚುವುದಿಲ್ಲ! ಸುತ್ತ ಬಿಗಿದ ಹೊಸ ರಬ್ಬರು ಪಟ್ಟಿ ಚಳಿಯನ್ನು ಒಳಗೆ ಬಿಡದು, ಹೊಗೆಯನ್ನು ಹೊರಗೆ ಬಿಡದು. ನಿನ್ನೆ ನೀವು ಆ ಬಾಗಿಲನ್ನು ಮುಚ್ಚಿಯೇ, ಒಳಗೆ ಟ್ರಕ್ಕಿನ ಎಂಜಿನ್ ಬಿಸಿಯಾಗಲು ಬಿಟ್ಟು ಕಾಫಿಗೆ ಹೋದಿರಿ. ಹೊಗೆ ನಮ್ಮ ನೆಲದ ಸಂದಿಗಳಿಂದ ಮೇಲೇರಿತು, ಓಲ್ಹಾ ಒಲೆಯ ಮುಂದೆ ಕುಸಿದಳು.

ನಾನು ಓಡಿಬಂದು ಕೇಳಿದರೆ ನಿಮ್ಮ ಉತ್ತರವೇನು? "ಬಾಗಿಲು ತೆಗೆದ್ರೆ ಬಿಸಿಯೆಲ್ಲ ಹೋಗುತ್ತಲ್ರೀ! ಮತ್ತೆ ಹದಿನೆಂಟು ಯಾಕೆ ತಂದಿದ್ದು?"

ಇನ್ನು ಮುಂದೆ ಎಂಜಿನ್ನನ್ನು ಅಂಗಳದಲ್ಲಿ ಬಿಸಿ ಮಾಡಿ. ನಮ್ಮ ಕೋಣೆಗೆ ವಿಷಗಾಳಿಯ ಅಲಾರಂ ಹಾಕಿಸಿ. ಈ ಎರಡಕ್ಕೂ ನೀವು ಒಪ್ಪುವವರೆಗೆ, ನಿನ್ನೆ ಎಂಜಿನ್ ಆರಿಸಿ ನಾನು ತೆಗೆದುಕೊಂಡ ಟ್ರಕ್ಕಿನ ಕೀಲಿ ನನ್ನ ಜೇಬಿನಲ್ಲಿರುತ್ತದೆ.

ನಾಳೆ ಕೆಲಸಕ್ಕೆ ಹೋಗಬೇಕಿದ್ದರೆ ಮೇಲೆ ಬಂದು ಕೇಳಿ. ಬೂಟು ಕಳಚಿ, ಸದ್ದಿಲ್ಲದೆ ಬನ್ನಿ. ನೆಲ ಬೆಚ್ಚಗಿದೆ.

ಇಂತಿ ನಿಮ್ಮ ಬಾಡಿಗೆದಾರ,
ಓರೆಸ್ಟ್ ಹ್ನಾತ್ಯುಕ್