ಹೊಟ್ಟೆ ಸೀಳದ ಬ

ಜೂನ್ 9, ಸೋಮವಾರ
ಮೂವತ್ತೆಂಟು ನೋಟ್‌ಬುಕ್ ತಿದ್ದಿ ಮುಗಿಯಿತು. ಬೆರಳೆಲ್ಲ ಕೆಂಪು ಇಂಕು. ಹೆಡ್‌ಮಿಸ್ ಟ್ರೈನಿಂಗ್ ಮುಗಿಸಿ ಬಂದಿದ್ದಾರೆ — ಜೊತೆಗೆ ಬಣ್ಣದ ಕಾಗದ ಸುತ್ತಿದ ಒಂದು ಚಪ್ಪಲಿ ಡಬ್ಬಿ. ಮಕ್ಕಳು ಮನಸ್ಸಿನಲ್ಲಿದ್ದದ್ದನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಹಾಕಬೇಕಂತೆ. ಶುಕ್ರವಾರ ನಾನು ಓದಿ, ಕ್ಲಾಸಿನ ಬೋರ್ಡಿಗೆ ಚುಚ್ಚಬೇಕಂತೆ.
"ಮಕ್ಕಳ ಜೊತೆ ಒಂದು ಒಳ್ಳೆ ಸಂಬಂಧ ಬೆಳೀಬೇಕು ಮಿಸ್."
ಹಾಗಾದರೆ ಇಪ್ಪತ್ತೆರಡು ವರ್ಷ ನಾನೇನು ಕತ್ತೆ ಕಾಯುತ್ತಿದ್ದೆನಾ?

ಜೂನ್ 11
ಗುಬ್ಬಿ ಇವತ್ತು ಬಾಯಿಬಿಟ್ಟಳು! ಕೊನೇ ಬೆಂಚಿನ ಹುಡುಗಿ. ಆ ಹೆಸರು ನಾನೇ ಇಟ್ಟದ್ದು, ಮನಸ್ಸಿನಲ್ಲೇ. ಒಂದು ವರ್ಷದಿಂದ ಹಾಜರಿಗೆ "ಎಸ್ ಮಿಸ್" ಬಿಟ್ಟರೆ ಬೇರೆ ಮಾತಿಲ್ಲ. ತಾನಾಗಿ ಎದ್ದು ಎರಡು ಸಾಲು ಓದಿದಳು. ಕುಣಿಯುವಷ್ಟು ಖುಷಿಯಾಯಿತು. ಹೇಳಿದ್ದು ಮಾತ್ರ, "ಇನ್ನೂ ಜೋರಾಗಿ." ಯಾಕೆ ಹೀಗೆ ನಾನು?
ಬರವಣಿಗೆ ಅದೇ ಹಳೇ ಕಥೆ. ಕ್ಲಾಸಿಗೆಲ್ಲ ಇವಳೊಬ್ಬಳೇ ಮಹಾಪ್ರಾಣದ ಹೊಟ್ಟೆ ಸೀಳುವುದಿಲ್ಲ. ಬ-ಗೆ ಹೊಟ್ಟೆ ಸೀಳಿದರೆ ತಾನೇ ಭ? ಎಷ್ಟು ಸಲ ತಿದ್ದಿದ್ದೇನೋ.

ಜೂನ್ 13, ಶುಕ್ರವಾರ
ಡಬ್ಬಿ ತೆರೆದೆ. ಹೋಂವರ್ಕ್ ಬೇಡ ಎಂದವರು ಹನ್ನೊಂದು. "ಮಿಸ್ ಮನೇಲಾದ್ರೂ ನಗ್ತಾರಾ?" — ತರಲೆಗಳು.
ಇನ್ನೊಂದು: "ನಂಗೆ ಮಿಸ್ ಅಂದ್ರೆ ಬಯ. ಆದ್ರೂ ಅವ್ರ ಮುಂದೆ ಒಂದು ಪೂರ್ತಿ ಪದ್ಯ ಓದ್ಬೇಕು ಅಂತ ಆಸೆ."
ಹೆಸರು ಯಾಕೆ ಬೇಕು? ಆ ಗುಂಡು ಅಕ್ಷರ, ಆ ಬ. ಕಣ್ಣು ತುಂಬಿ ಬಂತು. ಸೋಮವಾರ ಓದಿಸಬೇಕು. ಶಭಾಷ್ ಅನ್ನಬೇಕು, ಎಲ್ಲರೆದುರಿಗೆ. ಅಷ್ಟರಲ್ಲಿ ಬೆಲ್. ತಿದ್ದುತ್ತಿದ್ದ ಟೆಸ್ಟ್ ಪೇಪರುಗಳ ನಡುವೆಯೇ ಚೀಟಿಗಳು. ಗಡಿಬಿಡಿಯಲ್ಲಿ ಬಾಚಿಕೊಂಡು ಹೋಗಿ ಬೋರ್ಡಿಗೆ ಚುಚ್ಚಿ ಬಂದೆ.

ಜೂನ್ 16, ಸೋಮವಾರ
ಬೋರ್ಡಿನ ಮುಂದೆ ಗುಂಪು. ನಗು.
"ಲೋ, ಮಿಸ್ ಚೀಟಿನೂ ತಿದ್ದಿದ್ದಾರೆ ಕಣೋ!"
ನೋಡಿದೆ. ಬ ಸುತ್ತ ಕೆಂಪು ಸೊನ್ನೆ. ಮೇಲೆ ನನ್ನದೇ ಕೈಬರಹದ ಭ. ಯಾವಾಗ ಗೀಚಿದೆನೋ, ದೇವರಾಣೆ ನೆನಪಿಲ್ಲ. ಕೈ ತಾನಾಗಿ ಓಡಿದೆ.
"ಹೊಟ್ಟೆ ಸೀಳದೆ ಬರೆಯೋರು ಯಾರು ಹೇಳ್ರೋ?" ಗುಂಪಿನಲ್ಲಿ ಇನ್ನೊಬ್ಬ ಹುಡುಗ.
ಎಲ್ಲ ತಲೆಗಳೂ ಕೊನೇ ಬೆಂಚಿಗೆ ತಿರುಗಿದವು. ಗುಬ್ಬಿ ಬ್ಯಾಗಿನೊಳಗೆ ಏನೋ ಹುಡುಕುತ್ತಿದ್ದಳು. ಚೀಟಿ ಕಿತ್ತು ಮುಷ್ಟಿಯಲ್ಲಿಟ್ಟುಕೊಂಡೆ — ಇನ್ನೇನು ಪ್ರಯೋಜನ? ಪೀರಿಯಡ್ ಮುಗಿಯುವವರೆಗೂ ಅವಳು ಹುಡುಕುತ್ತಲೇ ಇದ್ದಳು.

ಜೂನ್ 17
ಗುಬ್ಬಿ ಆಬ್ಸೆಂಟ್.

ಜೂನ್ 18
ಆಬ್ಸೆಂಟ್.

ಜೂನ್ 20
ಬಂದಳು. ಸ್ಟಾಫ್ ರೂಮಿಗೆ ಕರೆಸಿದೆ. "ತಪ್ಪಾಯ್ತು ಮರಿ" ಅನ್ನಬೇಕು — ಬೆಳಗ್ಗೆಯಿಂದ ಬಾಯಿಪಾಠ ಮಾಡಿಕೊಂಡಿದ್ದೆ. ಬಾಯಿಂದ ಬಿದ್ದದ್ದು:
"ಬಿಟ್ಟುಹೋದ ನೋಟ್ಸ್ ಕಂಪ್ಲೀಟ್ ಮಾಡ್ಕೋ."
"ಆಯ್ತು ಮಿಸ್."
"ಪದ್ಯ… ಓದ್ತೀಯಾ?"
"ಗಂಟಲು ಸರಿ ಇಲ್ಲ ಮಿಸ್."
ಥೂ, ನನ್ನ ಜನ್ಮಕ್ಕೆ.

ಜುಲೈ 4, ಶುಕ್ರವಾರ
ಹೆಡ್‌ಮಿಸ್ ಫಾರಂ ಕೊಟ್ಟರು. 'ವಿದ್ಯಾರ್ಥಿಗಳೊಂದಿಗೆ ಸಂಬಂಧ ಸುಧಾರಿಸಿದೆಯೇ?' ಹೌದು, ಇಲ್ಲ — ಟಿಕ್ ಹಾಕಬೇಕು. "ಹೌದು ಅಂತ ಹಾಕಿಬಿಡಿ ಮಿಸ್, ಸುಮ್ನೆ ರಗಳೆ ಯಾಕೆ?"
ಎರಡು ವಾರ ಡಬ್ಬಿ ಖಾಲಿ. ಇವತ್ತು ಒಂದೇ ಚೀಟಿ. ಅದೇ ಗುಂಡು ಅಕ್ಷರ.
"ನನಗೆ ಮಿಸ್ ಎಂದರೆ ಭಯ."
ಅಷ್ಟೇ. ಆಸೆಯ ಸಾಲು ಇಲ್ಲ. ಭ-ದ ಹೊಟ್ಟೆ ನೀಟಾಗಿ ಸೀಳಿದ್ದಾಳೆ. ಒಂದೇ ಒಂದು ತಪ್ಪಿಲ್ಲ. ಕೆಂಪು ಪೆನ್ನು ಕೈಯಲ್ಲೇ ಇತ್ತು. ಎದುರಿಗೆ ಆ ಫಾರಂ. ಟಿಕ್ ಎಲ್ಲಿ ಹಾಕಲಿ?